ಕಲ್ಯಾಣಪ್ಪನ ಪಾಮ್ ಮೊಳಕೆ

ತುರೋರಿಯ ರೈತ ಕಲ್ಯಾಣಪ್ಪ ಹೈದರಾಬಾದಿಗೆ ಹೋದಾಗ ಒಂದು ಉದ್ಯಾನದಿಂದ ಹನ್ನೊಂದು ಪಾಮ್ ಬೀಜ ತಂದಿದ್ದ. ಒಣಗಿದರೂ ಸಾಯುತ್ತವೆ, ಥಂಡಿ ಹತ್ತಿದರೂ ಸಾಯುತ್ತವೆ ಎಂದು ಅಲ್ಲಿನ ಮಾಲಿ ಹೇಳಿದ್ದ. ಅಂದಿನಿಂದ ಮೂರು ತಿಂಗಳು, ಒದ್ದೆ ಮರಳು ತುಂಬಿದ ಮಡಕೆ ಒಲೆಯ ಪಕ್ಕ ಬಾಣಂತಿಯಂತೆ ಬೆಚ್ಚಗೆ ಕೂತಿತ್ತು.

"ರೊಟ್ಟಿ ಇಡಾಕ ಜಾಗಿಲ್ಲ, ನಿಮ್ಮ ಬೀಜಕ್ಕ ಅದ" ಎಂದು ಹೆಂಡತಿ ಸರುಬಾಯಿ ದಿನಾ ಗೊಣಗುತ್ತಿದ್ದಳು.

ಆ ಮುಂಜಾನೆ ಮರಳು ಸರಿಸಿದರೆ ಒಂದು ಬೀಜ ಬೆಳ್ಳಗೆ ಮೊಳಕೆ ಒಡೆದಿತ್ತು! ಕಲ್ಯಾಣಪ್ಪ ಒಂದೇ ಕಾಲಿಗೆ ಚಪ್ಪಲಿ ಮೆಟ್ಟಿ ಓಣಿಗೆ ಓಡಿದ. "ಬರ್ರಿ, ನಮ್ಮ ಮನ್ಯಾಗ ಹೈದರಾಬಾದ್ ಹುಟ್ಟ್ಯದ!"

ಓಣಿ ಸುತ್ತಿ ಮರಳುವಷ್ಟರಲ್ಲಿ ಪಕ್ಕದ ಮನೆಯ ಮರುಳಸಿದ್ಧಯ್ಯ ಸ್ವಾಮಿಗಳು ಮಡಕೆಯ ಮುಂದೆ ಕೂತಿದ್ದರು. ಮೊಳೆತ ಬೀಜವನ್ನು ಹೊರಗೆ ತೆಗೆದು ವಿಭೂತಿ ಹಚ್ಚಿದ್ದರು. ಮಡಕೆಯಿಂದ ಹಬೆ ಏಳುತ್ತಿತ್ತು.

"ಶಾಖಾ ಬೇಕು ಅಂದಿದ್ದಿಯಲ್ಲೋ ಕಲ್ಯಾಣಪ್ಪ? ಉಳಿದ ಹತ್ತಕ್ಕ ಒಂದು ತಂಬಿಗಿ ಕುದಿಯೋ ನೀರು ಹಾಕೀನಿ. ಸಂಜಿಗಿ ನೋಡು!"

ಸಂಜೆಯವರೆಗೆ ಕಾಯಬೇಕಾಗಿರಲಿಲ್ಲ. ಹತ್ತೂ ಶೇಂಗಾದಂತೆ ಬೆಂದಿದ್ದವು.

ಉಳಿದ ಒಂದನ್ನು ಈ ಓಣಿಯಲ್ಲಿ ಬಿಡುವುದು ಅಪಾಯ. ತಾಲೂಕು ಊರು ಉಮರ್ಗಾದ ಶೇತಕಿ ಸಾಹೇಬರನ್ನೇ, ಅಂದರೆ ಕೃಷಿ ಅಧಿಕಾರಿಯನ್ನೇ, ಕೇಳೋಣ ಎಂದು ಕಲ್ಯಾಣಪ್ಪ ಅದನ್ನು ಸಣ್ಣ ಗಡಿಗೆಯಲ್ಲಿ ಹುಗಿದು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ, ಎದೆಗವಚಿಕೊಂಡು ಬಸ್ ಹತ್ತಿದ. ಇಳಿದ ಕೂಡಲೇ ಪೊಲೀಸಪ್ಪ ಅಡ್ಡ ಬಂದ.

"ಗಡಿಗ್ಯಾಗ ಏನದ? ಸಿಂದಿ ಹೆಂಡೇನು?"

"ಇಲ್ರೀ, ಗಿಡದ ಮೊಳಕಿ."

"ಯಾವ ಗಿಡ?"

"ಈಚಲ ಗಿಡದ ಬಳಗಾನೇ ರೀ…"

"ಹಂಗಂದ್ರ ಸಿಂದೀನೇ ಆಯ್ತಲ್ಲ!"

"ಹಿಡಿಯೂದಿದ್ರ ಹತ್ತು ವರ್ಷ ಬಿಟ್ಟು ಹಿಡೀರಿ ಸಾಹೇಬ್ರ, ಇನ್ನಾ ಎಲಿ ಬಂದಿಲ್ಲ!"

ಪೊಲೀಸಪ್ಪ ನಂಬಲಿಲ್ಲ. ಗಿಡ ಹೌದೋ ಅಲ್ಲೋ ಅವರೇ ಹೇಳಲಿ ಎಂದು ತೋಳು ಹಿಡಿದು ಶೇತಕಿ ಸಾಹೇಬರ ಮುಂದೆಯೇ ತಂದು ನಿಲ್ಲಿಸಿದ. ಸಾಹೇಬರು ಬಟ್ಟೆ ಬಿಚ್ಚಿ, ಕನ್ನಡಕ ಏರಿಸಿ, ಬಹಳ ಹೊತ್ತು ನೋಡಿದರು.

"ಮನ್ಯಾಗ ಮೊಳಸೀರಿ? ನಾ ಎರಡು ಸಲ ಮಾಡಿ ಕೈ ಸುಟ್ಕೊಂಡೀನಿ. ಕೂಡ್ರಿ, ಕುರ್ಚಿ ಮ್ಯಾಲ ಕೂಡ್ರಿ!"

ಕಲ್ಯಾಣಪ್ಪ ಸರಕಾರಿ ಕುರ್ಚಿಯಲ್ಲಿ ಕೂತ. ಪೊಲೀಸಪ್ಪ ನಿಂತೇ ಇದ್ದ. ಒಲೆ, ಮರಳು, ಮೂರು ತಿಂಗಳ ಕಥೆಯನ್ನೆಲ್ಲ ಕಾರಕೂನರೂ ಎದ್ದು ಬಂದು ಕೇಳಿದರು. ಕಲ್ಯಾಣಪ್ಪನ ಎದೆ ಅಂಗಿಯ ಗುಂಡಿ ಹರಿಯುವಷ್ಟು ಉಬ್ಬಿತು.

"ಇಂಥಾದ್ದು ಇಡೀ ತಾಲೂಕು ನೋಡ್ಬೇಕು" ಎಂದರು ಸಾಹೇಬರು.

"ಹಂಗಾದ್ರ ಇಲ್ಲೇ ಕಚೇರಿ ಮುಂದ ಹಚ್ಚ್ರಿ! ನಿಮಗೇ ಕೊಟ್ಟೆ!" ಎಂದುಬಿಟ್ಟ ಕಲ್ಯಾಣಪ್ಪ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.

ಸಂಜೆ ಬಾಗಿಲಲ್ಲೇ ಸರುಬಾಯಿ ಕೇಳಿದಳು, "ಮೊಳಕಿ ಎಲ್ಲಿ?"

"ಅದೀಗ ಸರಕಾರಿ ಗಿಡ" ಎಂದ ಕಲ್ಯಾಣಪ್ಪ, ಕತ್ತು ನೆಟ್ಟಗೆ ಮಾಡಿ.

"ಮತ್ತ ಸರಕಾರ ನಿಮಗೇನು ಕೊಟ್ಟಿತು?"

ಕಲ್ಯಾಣಪ್ಪ ಬೆನ್ನ ಹಿಂದಿನಿಂದ ಗಿಡಕ್ಕೆ ನೀರುಣಿಸುವ ಹೊಸ ತಗಡಿನ ಝಾರಿ ತೆಗೆದು ತೋರಿಸಿದ.

"ಅವರ ಮಾಲಿಗೆ ಇದರ ಮರ್ಮ ತಿಳ್ಯಂಗಿಲ್ಲಂತ. ದಿನಾ ಮುಂಜಾನಿ ನಾನೇ ಹೋಗಿ ನೀರು ಹಾಕ್ಬೇಕು. ಇಡೀ ತಾಲೂಕಿನ್ಯಾಗ ನನ್ನೊಬ್ಬಗ ಹೇಳ್ಯಾರ!"