ಗೋಪುರದ ಗಡಿಯಾರ ಮತ್ತು ಮೂರು ಬಣ್ಣದ ಮಾತ್ರೆ

ಇಪ್ಪತ್ತಾರು ವರ್ಷ ಕೈಗಡಿಯಾರಗಳ ಹೊಟ್ಟೆ ನೋಡುತ್ತ ತಲೆ ಬಗ್ಗಿಸಿಯೇ ಬದುಕಿದವನಿಗೆ ಮೊದಲ ಸಲ ತಲೆ ಎತ್ತುವ ಕೆಲಸ ಸಿಕ್ಕಿತು. ನಗರಸಭೆಯ ಗೋಪುರದ ಗಡಿಯಾರ ದಿನಕ್ಕೆ ಇಪ್ಪತ್ತು ನಿಮಿಷ ಮುಂದೆ ಓಡುತ್ತಿತ್ತು. ಸೋಮವಾರ ಅದನ್ನು ಸರಿಮಾಡಿ ತೋರಿಸಿದರೆ ಉಸ್ತುವಾರಿ ಕಾಯಂ ಆಗಿ ನನಗೇ ಎಂದು ಎಂಜಿನಿಯರ್ ಮಾತು ಕೊಟ್ಟಿದ್ದರು. ಶನಿವಾರ ನನ್ನ ಕತ್ತು ಹಿಡಿಯಿತು.

ಹೆಂಡತಿ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಊರಿಗೆಲ್ಲ ಚೀಲ ತುಂಬ ಔಷಧ ಕೊಡುವವಳು ನನಗೆ ದಯಪಾಲಿಸಿದ್ದು ಬಿಸಿನೀರಿನ ಚೀಲ ಮತ್ತು ಪ್ಯಾರಸಿಟಮಾಲ್.

"ಇಷ್ಟೇನಾ?"

"ಇಷ್ಟೇ. ನೀವು ಬಿಪಿ ಮಾತ್ರೆ ತಗೊಳ್ಳೋರು, ಹೋದ ವರ್ಷ ಹೊಟ್ಟೆ ಹುಣ್ಣು ಬೇರೆ. ಜೋರು ನೋವಿನ ಮಾತ್ರೆ ನಿಮಗೆ ಆಗಿಬರಲ್ಲ. ಕಮ್ಮಿ ಆಗಲಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗೋಣ."

"ಜ್ವರ ಬಂದ ಮಗುಗೆ ಕೊಡೋದನ್ನ ನನಗೆ ಕೊಡ್ತೀಯಲ್ಲ!"

"ಮಗು ಆಗಿದ್ರೆ ಹೇಳಿದ ಮಾತು ಕೇಳ್ತಿತ್ತು."

ಅವಳ ತಮ್ಮ ಇಷ್ಟು ಕಟುಕನಲ್ಲ. ತನ್ನ ಸೊಂಟನೋವಿನಲ್ಲಿ ಉಳಿದಿದ್ದ ಎರಡು ಬಗೆಯ ಮಾತ್ರೆ ತಂದ. "ಭಾವ, ಕೆಂಪಿದು ನೋವಿಗೆ, ಬಿಳಿದು ಬಿಗಿತಕ್ಕೆ. ನುಂಗಿ ನೋಡಿ, ಕತ್ತು ಫ್ಯಾನ್ ಥರ ತಿರುಗತ್ತೆ. ಅಕ್ಕನಿಗೆ ಮಾತ್ರ ಹೇಳ್ಬೇಡಿ." ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಹಳದಿ ಮಾತ್ರೆಯ ಒಂದು ಪಟ್ಟಿ ಕೊಟ್ಟರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಮೂರರಲ್ಲೂ ಒಂದೊಂದು ನುಂಗಿದೆ.

ಬಿಳಿ ಮಾತ್ರೆಯ ಜತೆಗೊಂದು ಕಾಗದವಿತ್ತು. ಅಕ್ಷರ ಇರುವೆಯ ಕಾಲಿನಷ್ಟು. ಅದನ್ನು ಓದಬಲ್ಲ ಮಸೂರ ಇಡೀ ಬೀದಿಯಲ್ಲಿ ಇದ್ದದ್ದು ನನ್ನ ಬಳಿ ಮಾತ್ರ. ಕಣ್ಣಿಗೆ ಸಿಕ್ಕಿಸಿಕೊಂಡು 'ಸ್ನಾಯುಗಳ ಬಿಗಿತ ಸಡಿಲಿಸುತ್ತದೆ' ಎಂಬಲ್ಲಿಗೆ ಓದಿ ಮಡಚಿಟ್ಟೆ. (ಕೆಳಗೆ ಇನ್ನೂ ನಲವತ್ತು ಸಾಲಿದ್ದವು. ಒಳ್ಳೆಯ ಸುದ್ದಿ ಸಿಕ್ಕಲ್ಲಿಗೆ ಓದು ನಿಲ್ಲಿಸುವುದು ನನ್ನ ಪದ್ಧತಿ.)

ಸೋಮವಾರ ಬೆಳಿಗ್ಗೆ ಮತ್ತೊಂದು ಸುತ್ತು ನುಂಗಿ ಹೊರಟೆ. ಹೊಟ್ಟೆಯಲ್ಲಿ ಸಣ್ಣ ಉರಿ. ಆದರೆ ಕತ್ತು ಎಣ್ಣೆ ಬಿಟ್ಟ ಬಾಗಿಲಿನಂತೆ ತಿರುಗುತ್ತಿತ್ತು. ಗೋಪುರ ಹತ್ತಿ, ಹತ್ತು ಗಂಟೆ ಐದು ನಿಮಿಷಕ್ಕೆ ಗಡಿಯಾರ ನಿಲ್ಲಿಸಿ, ಒಂದೇ ನಿಮಿಷ ಎಂದು ಗೋಡೆಗೆ ಒರಗಿದೆ.

"ರೀ! ಏಳ್ರೀ!"

ಕಣ್ಣು ಬಿಟ್ಟರೆ ಹೆಂಡತಿ. ಹಿಂದೆ ಎಂಜಿನಿಯರ್, ಕೂಗಿ ಎಬ್ಬಿಸಲಾಗದೆ ಅವರೇ ಅವಳಿಗೆ ಫೋನ್ ಮಾಡಿದ್ದರು. ಅವಳ ಕೈಗಡಿಯಾರದಲ್ಲಿ ಎರಡೂಕಾಲು. ನನ್ನ ಜೇಬಿನ ಮಾತ್ರೆಗಳನ್ನು ಆಗಲೇ ಸಾಲಾಗಿ ಜೋಡಿಸಿಟ್ಟಿದ್ದಳು.

"ಕೆಂಪು, ಹಳದಿ ಎರಡೂ ಒಂದೇ ಔಷಧ, ಕಂಪನಿ ಮಾತ್ರ ಬೇರೆ. ಎರಡೆರಡು ಪಾಲು ತಿಂದಿದೀರಿ. ಹುಣ್ಣಿಂದ ರಕ್ತ ಬಂದಿದ್ರೆ? ಈ ಬಿಳಿದು ನಿದ್ದೆ ಬರಿಸತ್ತೆ. ಇದನ್ನ ತಿಂದು ಏಣಿ ಹತ್ತಿದೀರಲ್ಲ! ಏಳಿ, ಮೊದಲು ಡಾಕ್ಟರ್ ಹತ್ರ."

ನಾನು ಎಂಜಿನಿಯರ್ ಮುಖ ನೋಡಿದೆ. "ಸಾರ್, ಅರ್ಧ ಗಂಟೆ ಕೊಡಿ. ಸರಿಮಾಡ್ತೀನಿ."

"ಮುಟ್ಟಬೇಡಿ!" ಎಂದು ಅವರು ಅಡ್ಡ ನಿಂತರು. ಗೋಪುರದ ಗಡಿಯಾರ ಒಂದು ಗಂಟೆ ಹೊಡೆದ ಮೇಲೆಯೇ ಕಚೇರಿಗೆ ಊಟದ ಬಿಡುವು ಎಂಬುದು ಹಳೆಯ ನಿಯಮವಂತೆ. ಗಂಟೆ ಹೊಡೆಯಲಿಲ್ಲ, ಯಾರೂ ಊಟಕ್ಕೆ ಏಳಲಿಲ್ಲ, ಆರು ತಿಂಗಳಿಂದ ಬಾಕಿಯಿದ್ದ ಕಡತಗಳು ಒಂದೇ ಕೂತಿಗೆ ಮುಗಿದಿದ್ದವು.

"ಹಾಗಾದ್ರೆ ನನ್ನ ಕೆಲಸ ಸಾರ್?"

"ಮುಗೀತಲ್ಲ ಮಾರಾಯ್ರೆ. ಇಷ್ಟು ಚೆನ್ನಾಗಿ ಇದನ್ನ ಯಾರೂ ನಿಲ್ಲಿಸಿರಲಿಲ್ಲ."