ಶುಭಚಾವಣಿ ಫೈನಾನ್ಸಿನವರ ಮನೆಯಲ್ಲಿ ಮದುವೆ ಯಾವಾಗ?

ಶುಭಚಾವಣಿ ಗೃಹ ನವೀಕರಣ ಫೈನಾನ್ಸ್, ಹುಣಸೂರು ಶಾಖೆಯ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ,

ಮಾನ್ಯರೇ,

ಗಾವಡಗೆರೆಯ ಪುಟ್ಟಮಲ್ಲಮ್ಮನವರ ಮೊಮ್ಮಗ ಶಶಿಕುಮಾರ್ ಮಾಡುವ ನಮಸ್ಕಾರಗಳು. ಒಂದು ಕೈಯಲ್ಲಿ ಬಕೆಟ್ ಇರುವುದರಿಂದ ನಮಸ್ಕಾರ ಸ್ವಲ್ಪ ಸೊಟ್ಟಗಿದ್ದರೆ ಮನ್ನಿಸಬೇಕು. ತಾವು ದಯಪಾಲಿಸಿದ ಸೀಲಿಂಗಿನಿಂದ ನೀರು ಇಳಿಯುವ ಹೊತ್ತು ಇದು.

ಕಳೆದ ವರ್ಷ ಯುಗಾದಿ ಮುಗಿದ ವಾರ ತಮ್ಮ ಏಜೆಂಟ್ ರಘು ಅವರು ನಮ್ಮ ಮನೆಗೆ ದಯಮಾಡಿಸಿದಾಗ ನಾನಿರಲಿಲ್ಲ. ಆ ತಿಂಗಳು ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದೆ, ಅದರ ಹಿಂದಿನ ತಿಂಗಳು ಬೇರೇನೋ ಮಾಡುತ್ತಿದ್ದೆ. ಮನೆಯಲ್ಲಿದ್ದದ್ದು ಎಪ್ಪತ್ತಮೂರು ವರ್ಷದ ಅಜ್ಜಿ ಮತ್ತು ಒಡೆದ ಎರಡು ಹೆಂಚು. ಎರಡು ಹೆಂಚು ಬದಲಿಸಿ ಅಷ್ಟು ಅಗ್ಗದಲ್ಲಿ ಕೆಲಸ ಮುಗಿಸಿದರೆ ಅಜ್ಜಿಗೆ ಅವಮಾನವಾದೀತೆಂದು ರಘು ಅವರು ಮೂರು ಲಕ್ಷದ ಸಾಲ ಬರೆಸಿ, ತಮ್ಮದೇ ಮೇಸ್ತ್ರಿಯನ್ನು ಕಳಿಸಿ, ಹೆಂಚಿನ ಕೆಳಗೆ ಪ್ಲಾಸ್ಟಿಕ್ ಸೀಲಿಂಗ್ ಹೊಡೆಸಿ, ನೆಲಕ್ಕೆ ಕನ್ನಡಿಯಂಥ ಟೈಲ್ಸ್ ಹಾಕಿಸಿ, ಬಾಗಿಲಿಗೆ ಹಕ್ಕಿಯ ಹಾಗೆ ಕೂಗುವ ಬೆಲ್ಲನ್ನೂ ಸಿಕ್ಕಿಸಿದರು. ಒಡೆದ ಹೆಂಚುಗಳನ್ನು ಮಾತ್ರ ಮುಟ್ಟಲಿಲ್ಲ. ಹಳೆಯದರ ಮೇಲೆ ತಮಗಿರುವ ಗೌರವ ದೊಡ್ಡದು. ಮೊದಲು ಒಂದೇ ಕಡೆ ತೊಟ್ಟಿಕ್ಕುತ್ತಿದ್ದ ನೀರು ಈಗ ಸೀಲಿಂಗಿನಲ್ಲಿ ವಿಶ್ರಾಂತಿ ಪಡೆದು ಐದು ಕಡೆ ಇಳಿಯುತ್ತದೆ. ನಮ್ಮ ಬೆಕ್ಕು ಜಾರಿ ಜಾರಿ ಇಲಿ ಹಿಡಿಯುವುದನ್ನೇ ಬಿಟ್ಟಿದೆ. ಅಜ್ಜಿ ಒಮ್ಮೆ ಜಾರಿ ಬಿದ್ದ ಮೇಲೆ ನೆಲದ ತುಂಬ ಗೋಣಿಚೀಲ ಹಾಸಿಕೊಂಡು ಓಡಾಡುತ್ತಾರೆ. ಸಾಲದ ದುಡ್ಡನ್ನು ಅಜ್ಜಿಯ ಕಣ್ಣಿಗೂ ತೋರಿಸದೆ ನೇರ ಮೇಸ್ತ್ರಿಗೆ ಕಳಿಸಿದ ತಮ್ಮ ನಾಜೂಕಿಗೂ, ಜೆರಾಕ್ಸ್ ಮಾಡಿಸಿ ತರುತ್ತೇನೆಂದು ಒಯ್ದ ಮನೆಯ ಹಕ್ಕುಪತ್ರವನ್ನು ಇವತ್ತಿನವರೆಗೂ ಜೋಪಾನ ಮಾಡಿರುವ ತಮ್ಮ ಶ್ರದ್ಧೆಗೂ ಯಾವ ಬಿರುದು ಕೊಡಬೇಕೋ ಎಸ್ಸೆಸ್ಸೆಲ್ಸಿ ಓದಿದ ನನಗೆ ಹೊಳೆಯುತ್ತಿಲ್ಲ.

ತಪ್ಪು ನಮ್ಮದೂ ಇದೆ. ಅಜ್ಜಿಗೆ ಬಡ್ಡಿ ಗೊತ್ತಿಲ್ಲ, ಮುಯ್ಯಿ ಗೊತ್ತು. ನಮ್ಮ ಮನೆಗೆ ಯಾರು ಏನು ಕೊಟ್ಟರೆಂದು ಬರೆದಿಟ್ಟುಕೊಂಡು, ಅವರ ಮನೆಯ ಶುಭಕಾರ್ಯದ ದಿನ ಅಷ್ಟನ್ನೂ, ಮೇಲೊಂದಿಷ್ಟನ್ನೂ ಸೇರಿಸಿ ಕೊಟ್ಟು ಬರುವುದು. ಹಾಗಾಗಿ ಈ ಮುಯ್ಯಿಯನ್ನು ಯಾವಾಗ ತೀರಿಸಬೇಕೆಂದು ಅಜ್ಜಿ ಮೊದಲೇ ಕೇಳಿದ್ದಾರೆ. ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಆತುರದಲ್ಲಿದ್ದ ರಘು ಅವರು, "ನಮ್ಮನೇಲಿ ಏನಾರ ಕಾರ್ಯ ಆದಾಗ ಕೊಡೀರಂತೆ ಬುಡಿ ಅವ್ವ, ಅವಸ್ರ ಏನದೆ" ಎಂದಿದ್ದಾರೆ. ಊರಿಗೆ ಬಂದಾಗ ಅಜ್ಜಿ ನನ್ನ ಕೈಲಿ ಮುಯ್ಯಿ ಪುಸ್ತಕದಲ್ಲಿ ಬರೆಸಿದರು: ಹುಣಸೂರು ಕಂಪನಿಯವರು, ನೆಲ ಒಂದು, ಸೀಲಿಂಗು ಒಂದು, ಬೆಲ್ಲು ಒಂದು. ನಾನೂ ಯಾವುದೋ ಸರ್ಕಾರಿ ಸ್ಕೀಮ್ ಇರಬೇಕೆಂದು ಬರೆದುಕೊಟ್ಟೆ.

ಹೋದ ತಿಂಗಳು ತಮ್ಮ ಕಡೆಯ ಇಬ್ಬರು ದೊಡ್ಡ ಗಂಟಲಿನವರು ಬಂದು ಬೆಲ್ ಒತ್ತಿದಾಗ, ಕಂಪನಿಯವರು ಮದುವೆಗೆ ಕರೆಯಲು ಬಂದರೆಂದೇ ಅಜ್ಜಿ ತಿಳಿದರು. ಚಾಪೆ ಹಾಸಿ, ಕಾಫಿ ಕೊಟ್ಟು, ಎಲೆ ಅಡಿಕೆಯ ತಟ್ಟೆ ಮುಂದೆ ಹಿಡಿದರು. ಬೈಯಲು ಬಂದವರಿಗೆ ಬೈಯಲಾಗದೆ ಕಾಗದವನ್ನು ತಟ್ಟೆಯಲ್ಲಿಟ್ಟು ಎದ್ದುಹೋದರಂತೆ. ಸಂಜೆ ನಾನು ಬರುವಷ್ಟರಲ್ಲಿ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ದೇವರ ಮುಂದೆ ಇಟ್ಟಿದ್ದರು. ಅರವತ್ತು ದಿನದೊಳಗೆ ನಾಲ್ಕೂವರೆ ಲಕ್ಷ ಕಟ್ಟದಿದ್ದರೆ ಮನೆ ಹರಾಜು ಎಂದು ಅದರಲ್ಲಿತ್ತು.

"ಯಾರ ಮದ್ವೆಲಾ ಇದು?" ಎಂದು ಅಜ್ಜಿ ಕೇಳಿದರು.

ಮುಚ್ಚಿಡಲು ನನಗೆ ಬರುವುದಿಲ್ಲ, ಹೇಳಿದೆ. ಅಜ್ಜಿ ಗೋಣಿಚೀಲದ ಮೇಲೆ ಕೂತು ಗೋಡೆಯನ್ನು ಒಮ್ಮೆ ಸವರಿದರು. "ಈ ಗ್ವಾಡೆ ಮಣ್ಣ ತುಳ್ದೋಳು ನಾನು ಕಣ್ಲಾ" ಎಂದರು. ಆ ರಾತ್ರಿ ಊಟ ಮಾಡಲಿಲ್ಲ.

ಹುಣಸೂರಿನ ವಕೀಲೆ ಪ್ರಿಯಾ ಮೇಡಂ ತಮ್ಮಿಂದ ಸಾಲದ ಅರ್ಜಿ ತರಿಸಿ ಓದಿದಾಗ ಇನ್ನೂ ಸಂತೋಷದ ಸಂಗತಿ ತಿಳಿಯಿತು. ತಮ್ಮ ದಾಖಲೆಯ ಪ್ರಕಾರ ಅಜ್ಜಿಗೆ ನಲವತ್ತೆಂಟು ವರ್ಷ, ಸ್ವಂತ ಬ್ಯೂಟಿ ಪಾರ್ಲರ್, ತಿಂಗಳಿಗೆ ನಲವತ್ತು ಸಾವಿರ ಆದಾಯ. ಇಪ್ಪತ್ತೈದು ವರ್ಷ ಇಳಿಸಿಕೊಟ್ಟ ತಾವು ಮಂಡಿನೋವನ್ನೂ ಇಳಿಸಬಹುದೇ ಎಂದು ಅಜ್ಜಿ ಕೇಳುತ್ತಿದ್ದಾರೆ. ಆ ಪಾರ್ಲರಿನ ಬೀಗದಕೈ ತಮ್ಮಲ್ಲೇ ಇದ್ದರೆ ಕಳಿಸಿಕೊಡಿ. ಗಲ್ಲಾಪೆಟ್ಟಿಗೆ ತೆಗೆದು ಇವತ್ತೇ ಕಂತು ಕಟ್ಟುತ್ತೇವೆ.

ಇನ್ನು ನಮ್ಮ ಬೇಡಿಕೆ. ತಮ್ಮ ಕಚೇರಿಯಲ್ಲಿ ಯಾರದಾದರೂ ಮದುವೆಯೋ ನಾಮಕರಣವೋ ಬೇಗ ಇಟ್ಟುಕೊಳ್ಳಬೇಕು. ಯಾರೂ ಸಿಗದಿದ್ದರೆ ಆಯುಧಪೂಜೆಯಾದರೂ ಸಾಕು. ಅಜ್ಜಿ ತಾವು ಕೊಟ್ಟ ಟೈಲ್ಸ್ ಅಷ್ಟನ್ನೂ ಕಿತ್ತು, ಪದ್ಧತಿಯಂತೆ ಮೇಲೆ ಒಂದು ಸೇರಿಸಿ ಒಪ್ಪಿಸುತ್ತಾರೆ. ಒಬ್ಬರೇ ಬರುವುದಿಲ್ಲ. ಬೆಟ್ಟದಪುರದ ಕಡೆ ಮೂವರು, ಹ್ಯಾಂಡ್‌ಪೋಸ್ಟಿನ ಕಡೆ ಇಬ್ಬರು ಅಜ್ಜಿಯರು ಜೊತೆಗಿದ್ದಾರೆ. ಅವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಹಳೇ ಹೆಂಚಿನ ಮನೆಯೊಳಗೆ ತಮ್ಮ ಬೆಲ್ಲಿನ ಹಕ್ಕಿ ಕೂಗಿದ ಕಡೆಯೆಲ್ಲ ಆಟೋ ನಿಲ್ಲಿಸಿದೆ.

ತಮ್ಮ ನೆಲದ ಮೇಲೆ ಜಾರುತ್ತಲೇ ಇರುವ
ತಮ್ಮ ವಿಶ್ವಾಸಿ,
ಶಶಿಕುಮಾರ್

ಮರೆತ ಮಾತು: ಯಾರು ಏನು ಕೊಟ್ಟರೆಂದು ಹೆಸರು ಹಿಡಿದು ಎಲ್ಲರ ಮುಂದೆ ಕೂಗಿ ಓದುವುದು ನಮ್ಮ ಕಡೆಯ ಮುಯ್ಯಿಯ ಕ್ರಮ. ಹರಾಜು ತಡೆಯಲು ಹಾಕಿರುವ ಕೇಸು ಇದೇ ಹದಿನೆಂಟಕ್ಕೆ ಬರುತ್ತದೆ; ಅಂದು ಕೋರ್ಟಿನಲ್ಲಿ ತಮ್ಮ ಅರ್ಜಿಯನ್ನೂ ಅಜ್ಜಿಯ ಪುಸ್ತಕವನ್ನೂ ಪ್ರಿಯಾ ಮೇಡಂ ಹಾಗೆಯೇ ಓದುತ್ತಾರೆ. ಖಾಲಿ ಕೈಯಲ್ಲಿ ಬರಬೇಡಿ, ಹಕ್ಕುಪತ್ರ ತನ್ನಿ ಎಂದು ಅಜ್ಜಿ ಹೇಳಿಕಳಿಸಿದ್ದಾರೆ. ಜೆರಾಕ್ಸ್ ಬೇಡವಂತೆ.