ನಾಲ್ಕು ಗಂಟೆಯೊಳಗೆ ದುಬೈ

ಬೆಳಗಿನ ಪಾಳಿಯ ಶಾಲೆ ಮುಗಿಸಿ ಬಂದ ಅನುಜಾ ಟೀಚರು ಗೇಟಿನ ಬಳಿ ಮೆಂತ್ಯದ ಸೂಡು ಆರಿಸುತ್ತ, ಬಾಯಿ ತಪ್ಪಿ, “ನಮ್ಮ ಮನಿಯವರಿಗೆ ದುಬೈದಾಗ ನೌಕ್ರಿ ಸಿಕ್ಕದ” ಎಂದುಬಿಟ್ಟಳು. ತರಕಾರಿ ಗಾಡಿ ಮುಂದಿನ ತಿರುವು ಮುಟ್ಟುವುದರೊಳಗೆ ಸುದ್ದಿ ಖಡಕಿ ಬಡಾವಣೆಯ ಅವರ ಹೌಸಿಂಗ್ ಸೊಸಾಯಿಟಿಯ ಮೂರನೆಯ ಮಹಡಿ ಮುಟ್ಟಿತ್ತು.

ಅವಳ ಗಂಡ ಪ್ರಲ್ಹಾದ ಮುಂಬಯಿಯ ಖಾಸಗಿ ವಿಮಾನ ಕಂಪನಿಯೊಂದರಲ್ಲಿ ಕೋ-ಪೈಲಟ್. ಮೂವತ್ತು ಸಾವಿರ ಅಡಿ ಮೇಲೆ ಸಿಡಿಲಿಗೂ ಅಲುಗದವನು 2008ರ ಆ ಗುರುವಾರ ಊಟದ ಮೇಜಿನ ಮುಂದೆ ಬೆವರುತ್ತಿದ್ದ. ದುಬೈಯ ವಿಮಾನ ಕಂಪನಿಯೊಂದು ದೊಡ್ಡ ವಿಮಾನದ ಕೆಲಸಕ್ಕೆ ಇಮ್ಮಡಿ ಪಗಾರ ಕೊಡುವುದಾಗಿ, ನಡುವೆ ಬಿಟ್ಟರೆ ಈಗಿನ ಕಂಪನಿಗೆ ಕಟ್ಟಬೇಕಾದ ಬಾಂಡಿನ ಹಣವನ್ನೂ ತಾನೇ ತುಂಬುವುದಾಗಿ ಬರೆದಿತ್ತು. ಉತ್ತರ ಮಾತ್ರ ಇಂದೇ, ನಾಲ್ಕು ಗಂಟೆಯೊಳಗೆ ಮೇಲ್‌ನಲ್ಲಿ ತಲುಪಬೇಕು.

ಬಾಗಿಲ ಗಂಟೆ ಸದ್ದಾಯಿತು. ಇನ್‌ಕಮ್ ಟ್ಯಾಕ್ಸ್ ಆಫೀಸಿನಿಂದ ನಿವೃತ್ತರಾದ ಕೆಳಮನೆಯ ಪಂಢರಿನಾಥರು ಪೆನ್ಸಿಲ್ ಸಮೇತ ಒಳಗೆ ಬಂದರು.

“ಅಲ್ಲಿ ಟ್ಯಾಕ್ಸ್ ಇಲ್ಲಂತ ಹಿಗ್ಗಬ್ಯಾಡ್ರಿ, ಕ್ಯಾಪ್ಟನ್ ಸಾಹೇಬ್ರ. ವರ್ಷದಾಗ ನೂರಾ ಎಂಬತ್ತೆರಡು ದಿವಸ ಇಲ್ಲಿದ್ರಿ ಅಂದ್ರ ಅಲ್ಲಿ ಗಳಿಕಿಗೂ ಇಲ್ಲೇ ಟ್ಯಾಕ್ಸ್!”

“ನಾ ಅಷ್ಟು ದಿವಸ ಇಲ್ಲಿ ಯಾಕ ಇರ್ತೀನ್ರಿ?”

“ಗಣಪತಿ ಹಬ್ಬಕ್ಕ ಬರ್ತೀರಿ. ದೀಪಾವಳಿಗೆ ಬರ್ತೀರಿ. ಮದುವಿ, ಮುಂಜಿವಿ... ಕೂಡಸ್ಕೋತ ಹೋಗ್ರಿ.”

ಅಷ್ಟರಲ್ಲಿ ಮೇಲ್ಮನೆಯ ಕುಸುಮ ಮೊಬೈಲ್ ಹಿಡಿದುಕೊಂಡು ಓಡಿಬಂದಳು. “ನಮ್ಮ ತಮ್ಮ ದುಬೈದಾಗೇ ಇದ್ದಾನ್ರಿ. ಲೈನ್ ಹಚ್ಚೀನಿ, ಮಾತಾಡ್ರಿ!”

ಫೋನಿನೊಳಗಿನ ತಮ್ಮ ಹೇಳಿದ: “ಸಾಹೇಬ್ರ, ಇಡೀ ವರ್ಷದ ಬಾಡಗಿ ಚೆಕ್ ಮೊದಲೇ ಕೊಡಬೇಕ್ರಿ. ನಾವು ಒಂದ ಮನ್ಯಾಗ ಮೂರು ಸಂಸಾರ ಅದೀವಿ, ನಡುವ ಪರದೆ. ಮಗ್ಗಲದವರು ಗೊರಕಿ ಹೊಡದ್ರ ನಮ್ಮ ಪರದೆ ಹಾರತದ.”

“ನನ್ನ ಪಗಾರ ಯಾರೂ ಲೆಕ್ಕಕ್ಕ ಹಿಡೀಲೇ ಇಲ್ಲ. ನಾ ನೌಕ್ರಿ ಬಿಡಬೇಕಲ್ಲ?” ಎಂದಳು ಅನುಜಾ.

ಪಂಢರಿನಾಥರ ಪೆನ್ಸಿಲಿನಡಿ ಇಮ್ಮಡಿ ಪಗಾರ ಬಿಸಿನೀರಿನಲ್ಲಿ ಒಗೆದ ಉಣ್ಣೆಯ ಸ್ವೆಟರಿನಂತೆ ಕುಗ್ಗತೊಡಗಿತು. ಮೂರೂ ಹತ್ತಕ್ಕೆ ಕರೆಂಟು ಹೋಯಿತು. ಕಂಪ್ಯೂಟರು ಕಣ್ಣು ಮುಚ್ಚಿತು.

ಜನರೇಟರ್ ಇರುವ ಸೈಬರ್ ಕೆಫೆ ಇದ್ದದ್ದು ದೂರದ ಕ್ಯಾಂಪ್ ಪೇಟೆಯಲ್ಲಿ. ಪ್ರಲ್ಹಾದ ಸ್ಕೂಟರ್ ಚಾಲೂ ಮಾಡಿದ. ಕರೆಯದಿದ್ದರೂ ಪಂಢರಿನಾಥರು ಹಿಂದೆ ಹತ್ತಿ ಕುಳಿತರು. ಪ್ರತಿ ಸಿಗ್ನಲ್ಲಿನಲ್ಲೂ ಅವನ ಕಿವಿಯಲ್ಲಿ ಒಂದೊಂದು ಖರ್ಚು ನೆನಪಿಸಿದರು: “ಮಗಳ ಶಾಳಿ ಫೀ ಮರತ್ರಿ!” “ದವಾಖಾನಿ!”

ಕೆಫೆಯಲ್ಲಿ ಕುಳಿತಾಗ ಮೂರೂ ಐವತ್ತೆರಡು. ದೊಡ್ಡ ವಿಮಾನ ಹಾರಿಸುವುದು ಅವನ ಹದಿನೈದು ವರ್ಷದ ಆಸೆ. ‘ಬರುತ್ತೇನೆ’ ಎಂದು ಟೈಪು ಮಾಡಿದ, ಅಳಿಸಿದ, ಮತ್ತೆ ಮಾಡಿದ. ಬೆನ್ನ ಹಿಂದಿನಿಂದ ಪಂಢರಿನಾಥರು ಲೆಕ್ಕದ ಕಾಗದ ಚಾಚಿದರು. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಈಗಿನದಕ್ಕಿಂತಲೂ ಕಡಿಮೆ. ಕಣ್ಣು ಮುಚ್ಚಿಕೊಂಡು, ‘ಕ್ಷಮಿಸಿ, ಬರಲಾರೆ’ ಎಂದು ಕಳಿಸಿದಾಗ ಮೂರೂ ಐವತ್ತೆಂಟು.

ಮನೆಗೆ ಬಂದು ಚಹಾದ ಕಪ್ಪು ಹಿಡಿದಿದ್ದನಷ್ಟೆ, ಮುಂಬಯಿಯ ತನ್ನ ಕಂಪನಿಯಿಂದ ಫೋನು. ಪ್ರಯಾಣಿಕರು ಕಡಿಮೆಯಾಗಿದ್ದಾರೆ, ಹೀಗಾಗಿ ನಾಲ್ಕು ವಿಮಾನಗಳನ್ನು ಪೈಲಟ್‌ಗಳ ಸಮೇತ ಎರಡು ವರ್ಷಕ್ಕೆ ದುಬೈಗೆ ಬಾಡಿಗೆಗೆ ಕೊಟ್ಟಿದ್ದೇವೆ, ನಿಮ್ಮ ಹೆಸರೂ ಇದೆ ಎಂದರು. ಸಂಬಳ ಈಗಿನದೇ, ರೂಪಾಯಿಯಲ್ಲಿ. ಟ್ಯಾಕ್ಸ್ ಇಲ್ಲೇ ಕಡಿತ. ಅಲ್ಲಿ ಮನೆ ನೀವೇ ನೋಡಿಕೊಳ್ಳಬೇಕು. ಬಾಂಡ್ ಇರುವುದರಿಂದ ಇಲ್ಲ ಎನ್ನುವ ಹಾಗಿಲ್ಲ.

ಪ್ರಲ್ಹಾದ ಕಪ್ಪು ಕೆಳಗಿಟ್ಟು ದುಬೈ ಕಂಪನಿಗೆ ಫೋನು ಹಚ್ಚಿ, ಮೇಲ್ ಹಿಂದೆ ತೆಗೆದುಕೊಳ್ಳುತ್ತೇನೆ ಎಂದು ಗೋಗರೆದ. ಆ ಜಾಗ ಆಗಲೇ ಮುಂದಿನವರಿಗೆ ಹೋಗಿದೆ ಎಂದು ಅತ್ತಲಿನ ಹೆಣ್ಣುದನಿ ಬಹಳ ಮೃದುವಾಗಿ ಹೇಳಿತು.

“ಏನಾತ್ರೀ? ಯಾಕ ಹಿಂಗ ಕೂತ್ರಿ?” ಅನುಜಾ ಗಾಬರಿಯಾದಳು.

“ಬ್ಯಾಗ್ ತುಂಬು. ಒಂದನೇ ತಾರೀಖಿಗೆ ದುಬೈಗೆ ಹೋಗಬೇಕು.”

“ಈಗಷ್ಟ ಬ್ಯಾಡಂತ ಹೇಳಿ ಬಂದ್ರಲ್ಲ!”

“ನಾ ಬ್ಯಾಡಂದದ್ದು ಬರೇ ಡಬಲ್ ಪಗಾರಕ್ಕಾತು,” ಎಂದ ಪ್ರಲ್ಹಾದ.